ಬಳಸಿದ ಮೋಟಾರ್ ಸೈಕಲ್ ಖರೀದಿಸುವ ಮುನ್ನ: ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡು ಭಾಗದ ಸಾರ್ವಜನಿಕರಿಗೆ ಮಾಹಿತಿ

ಬಳ್ಳಾರಿ ನಗರದ ಜೀನ್ಸ್ ಹೊಲಿಗೆ ಘಟಕಗಳಿಗೆ ಬರುವ ಕಾರ್ಮಿಕರು, ಸಿರುಗುಪ್ಪದ ಭತ್ತದ ಗದ್ದೆಗಳಿಗೆ ಗೊಬ್ಬರ ಒಯ್ಯುವ ರೈತರು, ಕುರುಗೋಡಿನಿಂದ ಜಿಲ್ಲಾ ಕೇಂದ್ರಕ್ಕೆ ಓಡಾಡುವ ನೌಕರರು ಹಾಗೂ ವಿದ್ಯಾರ್ಥಿಗಳು, ಇವರಲ್ಲಿ ಅನೇಕರು ಮೊದಲು ಕೊಳ್ಳುವ ವಾಹನ ಬಳಸಿದ ಮೋಟಾರ್ ಸೈಕಲ್ ಆಗಿರುತ್ತದೆ. ಹಲವು ತಿಂಗಳ ಉಳಿತಾಯವನ್ನು ಒಮ್ಮೆಲೇ ತೊಡಗಿಸುವ ಈ ವ್ಯವಹಾರದಲ್ಲಿ ಅವಸರ ಸಲ್ಲದು.

ಯಂತ್ರದ ದೋಷವನ್ನು ಹಣ ವ್ಯಯಿಸಿ ಸರಿಪಡಿಸಬಹುದು. ದಾಖಲೆಯ ದೋಷವನ್ನು ಅನೇಕ ಸಂದರ್ಭಗಳಲ್ಲಿ ಹಣದಿಂದಲೂ ಸರಿಪಡಿಸಲಾಗದು. ಆದುದರಿಂದ ಮೊದಲು ದಾಖಲೆ, ಅನಂತರ ಯಂತ್ರ, ಕೊನೆಯಲ್ಲಿ ಹಣ ಎಂಬ ಕ್ರಮವನ್ನು ಖರೀದಿದಾರರು ಪಾಲಿಸುವುದು ಸೂಕ್ತ.

1. ದಾಖಲೆಗಳ ಪರಿಶೀಲನೆ

ಅ) ನೋಂದಣಿ ಪ್ರಮಾಣಪತ್ರ (ಆರ್.ಸಿ.): ಮೂಲ ಪ್ರತಿಯನ್ನೇ ನೋಡಬೇಕು, ಜೆರಾಕ್ಸ್ ಪ್ರತಿಯನ್ನು ನಂಬಿ ಮುಂಗಡ ನೀಡಬಾರದು. ಅದರಲ್ಲಿರುವ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲೆ ಕೊರೆದಿರುವ ಸಂಖ್ಯೆಗಳೊಂದಿಗೆ ಒಂದೊಂದೇ ಅಂಕಿಯಾಗಿ ಹೋಲಿಸಬೇಕು. ಸಂಖ್ಯೆಯ ಜಾಗದಲ್ಲಿ ಉಜ್ಜಿದ ಗುರುತು, ಹೊಸ ಬಣ್ಣ ಅಥವಾ ಅಂಕಿಗಳ ಅಳತೆಯಲ್ಲಿ ವ್ಯತ್ಯಾಸ ಕಂಡುಬಂದಲ್ಲಿ ಅಂತಹ ವಾಹನವನ್ನು ಕೊಳ್ಳಬಾರದು. ಕಳವಿನ ವಾಹನವೆಂದು ತಿಳಿದು, ಅಥವಾ ಹಾಗೆ ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧ.

ಆ) ಆನ್‌ಲೈನ್ ಪರಿಶೀಲನೆ: ಕೇಂದ್ರ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ನಮೂದಿಸಿ ವಾಹನದ ಮಾದರಿ, ನೋಂದಣಿ ದಿನಾಂಕ ಮತ್ತು ವಿಮೆಯ ಅವಧಿಯನ್ನು ಆರ್.ಸಿ.ಯೊಂದಿಗೆ ತಾಳೆ ನೋಡಬಹುದು. ಬಾಕಿ ಇರುವ ಸಂಚಾರ ದಂಡಗಳನ್ನೂ ವಿಚಾರಿಸಿ, ಮಾರಾಟಗಾರರಿಂದಲೇ ಪಾವತಿ ಮಾಡಿಸಬೇಕು.

ಇ) ಸಾಲದ ನಮೂದು: ಆರ್.ಸಿ.ಯಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಸಂಸ್ಥೆಯ ಹೆಸರಿದ್ದಲ್ಲಿ, "ಕಂತು ಮುಗಿದಿದೆ" ಎಂಬ ಮಾತು ಸಾಲದು. ಸಂಸ್ಥೆಯ ಸಹಿಯುಳ್ಳ ನಮೂನೆ 35ನ್ನು ಸಲ್ಲಿಸಿ ಆ ನಮೂದನ್ನು ರದ್ದುಪಡಿಸಿಕೊಂಡಿರಬೇಕು. ಕಂತು ಕಟ್ಟದ ಕಾರಣ ಜಪ್ತಿಯಾದ ಗಾಡಿಯನ್ನು ಫೈನಾನ್ಸ್ ಸಂಸ್ಥೆಯಿಂದ ಕೊಳ್ಳುವಾಗ, ಸಂಸ್ಥೆಯು ನಮೂನೆ 36ರ ಮೂಲಕ ಆರ್.ಸಿ.ಯನ್ನು ತನ್ನ ಹೆಸರಿಗೆ ಪಡೆದಿದೆಯೇ ಎಂದು ಕೇಳಬೇಕು.

ಈ) ನೋಂದಣಿಯ ಅವಧಿ: ಖಾಸಗಿ ದ್ವಿಚಕ್ರ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. 2010ರಲ್ಲಿ ನೋಂದಣಿಯಾದ ವಾಹನದ ಈ ಅವಧಿ 2025ರಲ್ಲಿ ಮುಗಿದಿರುತ್ತದೆ. ಆ ಬಳಿಕ ವಾಹನವನ್ನು ತಪಾಸಣೆಗೆ ಒಳಪಡಿಸಿ, ಶುಲ್ಕ ಪಾವತಿಸಿ, ಐದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಈ ವೆಚ್ಚ ಯಾರದೆಂದು ಮೊದಲೇ ತೀರ್ಮಾನವಾಗಲಿ.

ಉ) ಮಾಲೀಕರು ಮೃತಪಟ್ಟಿದ್ದಲ್ಲಿ: ತಂದೆಯ ಹೆಸರಿನ ಗಾಡಿಯನ್ನು ಮಗ ಮಾರುವುದು ಗ್ರಾಮಗಳಲ್ಲಿ ಸಾಮಾನ್ಯ. ಇಂತಹ ಸಂದರ್ಭದಲ್ಲಿ ವಾರಸುದಾರರು ಮೊದಲು ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ತಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಅದಾದ ನಂತರವೇ ಖರೀದಿ ಕ್ಷೇಮ.

2. ಆಂಧ್ರಪ್ರದೇಶದ ನೋಂದಣಿಯ ವಾಹನಗಳು

ಬಳ್ಳಾರಿ ಪ್ರಾದೇಶಿಕ ಸಾರಿಗೆ ಕಚೇರಿಯ ಸಂಕೇತ ಕೆಎ-34. ನಮ್ಮದು ಗಡಿ ಜಿಲ್ಲೆಯಾದುದರಿಂದ ಆದೋನಿ, ಗುಂತಕಲ್ಲು, ರಾಯದುರ್ಗಗಳ ಕಡೆಯ ಎಪಿ-02, ಎಪಿ-21 ಹಾಗೂ 2019ರಲ್ಲಿ ಆಂಧ್ರದಾದ್ಯಂತ ಬಳಕೆಗೆ ಬಂದ ಎಪಿ-39 ಸಂಕೇತದ ವಾಹನಗಳೂ ಇಲ್ಲಿ ಮಾರಾಟಕ್ಕೆ ಬರುತ್ತವೆ. ಬೆಲೆ ಕಡಿಮೆ ಎಂದು ಕಂಡರೂ ಎರಡು ಅಂಶಗಳನ್ನು ನೆನಪಿಡಬೇಕು. ಮೊದಲನೆಯದಾಗಿ, ಮೂಲ ನೋಂದಣಿ ಪ್ರಾಧಿಕಾರದಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಬೇಕು. ಎರಡನೆಯದಾಗಿ, ವಾಹನವು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರುವುದಾದರೆ ಇಲ್ಲಿಯ ಹೊಸ ನೋಂದಣಿ ಸಂಖ್ಯೆ ಪಡೆಯಬೇಕು ಹಾಗೂ ವಾಹನದ ವಯಸ್ಸಿಗೆ ಅನುಗುಣವಾದ ಜೀವಾವಧಿ ತೆರಿಗೆಯನ್ನು ಪಾವತಿಸಬೇಕು. ಈ ಮೊತ್ತವನ್ನು ಕಚೇರಿಯಲ್ಲಿ ವಿಚಾರಿಸದೆ ಬೆಲೆ ಒಪ್ಪಿಕೊಳ್ಳಬಾರದು.

3. ಯಂತ್ರದ ಪರಿಶೀಲನೆ

ವಾಹನವನ್ನು ಹಗಲು ಹೊತ್ತಿನಲ್ಲಿ, ಸಾಧ್ಯವಾದರೆ ತಮಗೆ ಪರಿಚಿತರಾದ ಮೆಕ್ಯಾನಿಕ್ ಜೊತೆಗೆ ನೋಡಬೇಕು. ಮೆಕ್ಯಾನಿಕ್ ಮಾರಾಟಗಾರರ ಕಡೆಯವರಾಗಿರಬಾರದು.

- ಎಂಜಿನ್: ಮುಟ್ಟಿ ನೋಡಿ, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಸ್ಟಾರ್ಟಿಂಗ್ ತೊಂದರೆಯನ್ನು ಮರೆಮಾಚುತ್ತದೆ.
- ಹೊಗೆ: ನೀಲಿ ಛಾಯೆಯ ಹೊಗೆ ನಿರಂತರವಾಗಿ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಕಪ್ಪು ಹೊಗೆ ಪೆಟ್ರೋಲ್ ಅಧಿಕವಾಗಿ ಉರಿಯುವುದರ ಸೂಚನೆ.
- ಎಚ್ಚರಿಕೆ ದೀಪ: 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ವಾಹನಗಳಲ್ಲಿ ಕೀಲಿ ತಿರುಗಿಸಿದಾಗ ಎಂಜಿನ್ ದೀಪ ಬೆಳಗಿ, ಸ್ಟಾರ್ಟ್ ಆದ ಬಳಿಕ ಆರಬೇಕು. ಆರದಿದ್ದರೆ ದೋಷವಿದೆ. ದೀಪ ಬೆಳಗದೇ ಇದ್ದರೆ ಅದನ್ನು ಕಿತ್ತುಹಾಕಿರುವ ಸಾಧ್ಯತೆಯೂ ಇದೆ.
- ಚಾಸಿಸ್: ಹ್ಯಾಂಡಲ್ ಕೆಳಗಿನ ಭಾಗದಲ್ಲಿ ವೆಲ್ಡಿಂಗ್ ಅಥವಾ ಹೊಸ ಬಣ್ಣವಿದ್ದರೆ ಅಪಘಾತವಾಗಿರುವ ಸಂಭವವಿದೆ. ನೇರ ರಸ್ತೆಯಲ್ಲಿ ಗಾಡಿ ಒಂದು ಬದಿಗೆ ಎಳೆದರೂ ಇದೇ ಅನುಮಾನ ಪಡಬೇಕು.
- ಟೈರ್: ಪಕ್ಕದಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. "2319" ಎಂದಿದ್ದರೆ 2019ರ 23ನೇ ವಾರ. ಬಳ್ಳಾರಿಯ ಬಿಸಿಲಿನಲ್ಲಿ ಹಳೆಯ ರಬ್ಬರ್ ಬಿರುಕು ಬಿಡುತ್ತದೆ. ಕಚ್ಚು ಉಳಿದಿದ್ದರೂ ಟೈರ್ ಸುರಕ್ಷಿತವಲ್ಲ.
- ಓಡಿದ ಕಿಲೋಮೀಟರ್: ಮೀಟರ್ ಅಂಕಿಯನ್ನೊಂದೇ ನಂಬಬಾರದು. ಫುಟ್‌ರೆಸ್ಟ್ ರಬ್ಬರ್, ಬ್ರೇಕ್ ಪೆಡಲ್, ಹ್ಯಾಂಡಲ್ ಹಿಡಿಗಳು ನುಣ್ಣಗೆ ಸವೆದಿದ್ದು, ಮೀಟರ್ ಮಾತ್ರ 15,000 ತೋರಿಸುತ್ತಿದ್ದರೆ ಸರ್ವೀಸ್ ದಾಖಲೆ ಕೇಳಬೇಕು.

4. ಈ ಭಾಗದಲ್ಲಿ ವಿಶೇಷವಾಗಿ ಗಮನಿಸಬೇಕಾದವು

ಧೂಳು: ಅದಿರು ಲಾರಿಗಳು ಓಡಾಡುವ ರಸ್ತೆಗಳಲ್ಲಿ ಬಳಸಿದ ವಾಹನದ ಏರ್ ಫಿಲ್ಟರ್ ತೆಗೆಸಿ ನೋಡಬೇಕು. ಕೆಂಧೂಳು ಫಿಲ್ಟರ್ ದಾಟಿ ಒಳ ಸೇರಿದ್ದರೆ ಸಿಲಿಂಡರ್ ಮತ್ತು ರಿಂಗ್ ಬೇಗ ಸವೆಯುತ್ತವೆ.

ನೀರು: ತುಂಗಭದ್ರಾ ನದಿ ಪಾತ್ರದ ಸಿರುಗುಪ್ಪ ತಾಲ್ಲೂಕು 2009ರ ಪ್ರವಾಹದಲ್ಲಿ ತೀವ್ರ ಹಾನಿ ಅನುಭವಿಸಿತು. ನದಿ ಮತ್ತು ಹಳ್ಳಗಳ ಸಮೀಪದ ಗ್ರಾಮಗಳ ವಾಹನಗಳಲ್ಲಿ ಹೆಡ್‌ಲೈಟ್ ಒಳಗೆ ಮಣ್ಣಿನ ಗೆರೆ, ಸೀಟಿನ ಕೆಳಗೆ ತುಕ್ಕು, ವೈರಿಂಗ್ ಜೋಡಣೆಗಳಲ್ಲಿ ಹಸಿರು ಕಿಲುಬು ಇವೆಯೇ ನೋಡಬೇಕು. ಎಂಜಿನ್ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಬೆರೆತಿದೆ.

ಭಾರ: ಗೊಬ್ಬರ ಹಾಗೂ ಭತ್ತದ ಚೀಲ ಹೊತ್ತ ಗಾಡಿಗಳಲ್ಲಿ ಹಿಂದಿನ ಶಾಕ್ ಅಬ್ಸಾರ್ಬರ್, ಚಕ್ರದ ಬೇರಿಂಗ್ ಮತ್ತು ಕಡ್ಡಿಗಳು ಬೇಗ ಸಡಿಲಗೊಳ್ಳುತ್ತವೆ. ಇಬ್ಬರು ಕುಳಿತು ಓಡಿಸಿ ನೋಡುವುದು ಉತ್ತಮ.

5. ನಿಜವಾದ ಬೆಲೆಯ ಲೆಕ್ಕ

ಮಾರಾಟಗಾರರು ಹೇಳಿದ ಬೆಲೆ ಕೇವಲ ಆರಂಭದ ಅಂಕಿ. ಲೆಕ್ಕದ ಕ್ರಮ ತಿಳಿಸಲು ಒಂದು ಕಾಲ್ಪನಿಕ ಉದಾಹರಣೆ: ಹೇಳಿದ ಬೆಲೆ ರೂ. 35,000, ಎರಡು ಟೈರ್ ರೂ. 4,000, ಚೈನ್ ಸ್ಪ್ರಾಕೆಟ್ ರೂ. 1,500, ಬ್ಯಾಟರಿ ರೂ. 1,500, ವಿಮೆ ಹಾಗೂ ವರ್ಗಾವಣೆ ವೆಚ್ಚ ರೂ. 2,500. ಒಟ್ಟು ರೂ. 44,500. ದಾಖಲೆ ಸರಿಯಿದ್ದು ದುರಸ್ತಿ ಬೇಡದ ರೂ. 40,000ದ ಗಾಡಿಯೇ ಇದಕ್ಕಿಂತ ಅಗ್ಗ. ಹೀಗೆ ಕಾಗದದ ಮೇಲೆ ಬರೆದುಕೊಂಡು ಚೌಕಾಶಿಗೆ ಕೂರುವುದು ಲೇಸು.

6. ಮಾಲೀಕತ್ವ ವರ್ಗಾವಣೆ ಕಡ್ಡಾಯ

ಮಾರಾಟಗಾರರು ಸಹಿ ಮಾಡಿದ ಖಾಲಿ ನಮೂನೆಗಳೊಂದಿಗೆ ಗಾಡಿ ಕೈಯಿಂದ ಕೈಗೆ ಸಾಗುವ ರೂಢಿ ಅಪಾಯಕರ. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 50ರಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಾಟಗಾರರು 14 ದಿನಗಳೊಳಗೆ, ಖರೀದಿದಾರರು 30 ದಿನಗಳೊಳಗೆ ವರದಿ ಮಾಡತಕ್ಕದ್ದು. ಇದಕ್ಕಾಗಿ ನಮೂನೆ 29 ಮತ್ತು 30 ನಿಗದಿಯಾಗಿವೆ. ವಿಮೆಯನ್ನು ತಮ್ಮ ಹೆಸರಿಗೆ ಬದಲಾಯಿಸಲು ಖರೀದಿದಾರರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸಬೇಕು.

ವರ್ಗಾವಣೆ ಆಗದಿದ್ದರೆ ನಷ್ಟ ಇಬ್ಬರಿಗೂ ಉಂಟು. ಹಲವು ಕೈ ಬದಲಾದ ವಾಹನವೊಂದರ ಅಪಘಾತ ಪ್ರಕರಣದಲ್ಲಿ, ಯಾರ ಹೆಸರಿನಲ್ಲಿ ನೋಂದಣಿ ಮುಂದುವರಿದಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ. ಅಂದರೆ ಗಾಡಿ ಮಾರಿ ಮರೆತವರ ಮನೆಗೇ ನೋಟಿಸ್ ಬರಬಹುದು. ಇತ್ತ ಖರೀದಿದಾರರು ಹಣ ಕೊಟ್ಟಿದ್ದರೂ ದಾಖಲೆಯಲ್ಲಿ ಮಾಲೀಕರಾಗಿರುವುದಿಲ್ಲ. ಹಳೆಯ ಮಾಲೀಕರು ಊರು ಬಿಟ್ಟರೆ ಅಥವಾ ತೀರಿಕೊಂಡರೆ ಸಹಿಗಾಗಿ ಅಲೆಯಬೇಕಾಗುತ್ತದೆ.

ಕನ್ಸಲ್ಟಿಂಗ್ ಅಂಗಡಿಗಳ ಮೂಲಕ ಕೊಳ್ಳುವವರು ಅಂಗಡಿಯವರ ಅಧಿಕಾರ ಪತ್ರವನ್ನು ಕೇಳಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ, ನೋಂದಾಯಿತ ವಾಹನಗಳ ವ್ಯಾಪಾರಿಗಳು ನೋಂದಣಿ ಪ್ರಾಧಿಕಾರದಿಂದ ಇದನ್ನು ಪಡೆದಿರಬೇಕು.

ಹಣವನ್ನು ಸಾಧ್ಯವಾದಷ್ಟು ಆರ್.ಸಿ.ಯಲ್ಲಿರುವ ಮಾಲೀಕರ ಬ್ಯಾಂಕ್ ಖಾತೆಗೇ ಜಮೆ ಮಾಡಿ, ವಾಹನ ಹಸ್ತಾಂತರಿಸಿದ ದಿನಾಂಕ ಮತ್ತು ಸಮಯವುಳ್ಳ ರಸೀದಿಯನ್ನು ಇಬ್ಬರ ಸಹಿಯೊಂದಿಗೆ ಪಡೆಯಬೇಕು. ವರ್ಗಾವಣೆಯ ಅರ್ಜಿ ಸಲ್ಲಿಕೆಯಾಗುವವರೆಗೆ ಬೆಲೆಯ ಒಂದು ಭಾಗವನ್ನು ಬಾಕಿ ಉಳಿಸಿಕೊಳ್ಳುವ ಒಪ್ಪಂದ ಉಭಯತರಿಗೂ ಹಿತಕರ. ಹೊಸ ಆರ್.ಸಿ. ಕೈಸೇರಿ, ಅದರಲ್ಲಿ ತಮ್ಮ ಹೆಸರು ಹಾಗೂ ವಿಳಾಸ ಸರಿಯಾಗಿರುವುದನ್ನು ನೋಡಿದ ಬಳಿಕವೇ ಖರೀದಿ ಪೂರ್ಣಗೊಂಡಿತೆಂದು ಸಾರ್ವಜನಿಕರು ಭಾವಿಸತಕ್ಕದ್ದು.