ದೊಡ್ಡ ಟಿವಿನಾ, ಎರಡು-ಮೂರು ಮಾನಿಟರ್‌ಗಳಾ? ಮೊದಲು ಟೇಪ್ ಹಿಡೀರಿ

ವಿಡಿಯೋದಲ್ಲಿ ನಾನು ಅಳತೆ ಟೇಪ್ ಹಿಡ್ಕೊಂಡು ಮನೆ ತುಂಬ ಓಡಾಡಿದ್ದನ್ನ ನೋಡಿ ಕೆಲವರು ನಕ್ಕಿರಬಹುದು. ಹಿಂಜವಡಿ ಟ್ರಾಫಿಕ್‌ನಲ್ಲಿ ಕೂತು ಓದುವವರಿಗಾಗಿ ಅದೇ ಮಾತು ಇಲ್ಲಿದೆ, ಸ್ವಲ್ಪ ಸರಿಮಾಡಿ ಬರೆದಿದ್ದೀನಿ.

ಪ್ರಶ್ನೆ ಸರಳ. ಗೇಮಿಂಗ್‌ಗೆ ಅಂತ ಒಂದಿಷ್ಟು ದುಡ್ಡು ಕೂಡಿಟ್ಟಿದ್ದೀವಿ. ಅದರಲ್ಲಿ 55 ಇಂಚಿನ ಟಿವಿ ತಗೊಳ್ಳೋದಾ, ಇಲ್ಲ ಟೇಬಲ್ ಮೇಲೆ ಎರಡು-ಮೂರು ಮಾನಿಟರ್ ಜೋಡಿಸೋದಾ? ನಾನು ಈ ಪರೀಕ್ಷೆಯಲ್ಲಿ ಒಮ್ಮೆ ಫೇಲ್ ಆದವನು, ಅದೂ ಎಂ.ಟೆಕ್. ಮುಗಿಸಿದ ಮೇಲೆ.

ಮೂರು ವರ್ಷದ ಹಿಂದೆ ಬೋನಸ್ ಬಂದ ತಕ್ಷಣ ಅಂಗಡಿಗೆ ಹೋಗಿ 55 ಇಂಚಿನ 4ಕೆ ಟಿವಿ ತಂದೆ. "ಸರ್, 120 ಹರ್ಟ್ಸ್" ಅಂದ್ರು. ವಾಕಡ್‌ನ ಬಾಡಿಗೆ ಫ್ಲಾಟ್‌ನ ಸಣ್ಣ ರೂಮಲ್ಲಿ, ಟೇಬಲ್ ಮೇಲೆ, ಮುಖದಿಂದ ಎರಡೂವರೆ ಅಡಿ ದೂರಕ್ಕೆ ಇಟ್ಟೆ. ಎರಡೇ ವಾರಕ್ಕೆ ಕುತ್ತಿಗೆ ಹಿಡ್ಕೊಳ್ತು. ಆ 120 ಅನ್ನೋದು ಚಿತ್ರದ ನಡುವೆ ಸುಳ್ಳು ಫ್ರೇಮ್ ತುಂಬಿ ನುಣ್ಣಗೆ ತೋರಿಸುವ ಸೌಲಭ್ಯದ ಹೆಸರಿನಲ್ಲಿದ್ದ ಅಂಕಿ, ಪ್ಯಾನೆಲ್ ಇದ್ದದ್ದು 60 ಹರ್ಟ್ಸ್‌ದೇ ಅಂತ ಆಮೇಲೆ ಗೊತ್ತಾಯ್ತು. ಹಾವೇರಿಯಿಂದ ಬಂದಿದ್ದ ಅಪ್ಪ ಬಾಗಿಲಲ್ಲಿ ನಿಂತು, "ಏನಪಾ, ಟಾಕೀಸಿನಾಗ ಮುಂದಿನ ಬೆಂಚಿನ ಮ್ಯಾಲೆ ಕುಂತಂಗ ಕುಂತೀಯಲ್ಲೋ" ಅಂದ್ರು. ಇಡೀ ಸಮಸ್ಯೆಯನ್ನ ಅವರು ಒಂದೇ ಸಾಲಲ್ಲಿ ಹೇಳಿಬಿಟ್ಟಿದ್ರು.

ಇಷ್ಟು ತಲೆ ಕೆಡಿಸ್ಕೊಳ್ಳೋದು ಯಾಕೆ ಅಂದ್ರೆ, ಶನಿವಾರ ರಾತ್ರಿ ಬೆಂಗಳೂರಲ್ಲಿರೋ ನನ್ನ ತಮ್ಮ, ಹೈದರಾಬಾದ್‌ನಲ್ಲಿರೋ ಹಳೇ ಹಾಸ್ಟೆಲ್ ಗೆಳೆಯ, ನಾನು, ಮೂರು ಜನ ಕೌಂಟರ್-ಸ್ಟ್ರೈಕ್ 2 ಆಡ್ತೀವಿ. ಫೋನ್ ಮಾಡಿದ್ರೆ "ಮತ್ತೇನಪಾ, ಊಟ ಆತಾ" ಅಂತ ಎರಡು ನಿಮಿಷಕ್ಕೆ ಮುಗಿಯೋ ಮಾತು ಆಟದ ನಡುವೆ ಎರಡು ಗಂಟೆ ನಡೆಯುತ್ತೆ. ಕೆಲಸ ಹೋಗಿದೆ ಅನ್ನೋದನ್ನ ತಮ್ಮ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನನಗೆ ಹೇಳಿದ್ದು ಒಂದು ರೌಂಡ್ ಮುಗಿದು ಇನ್ನೊಂದು ಶುರುವಾಗೋದರ ಮಧ್ಯೆ. ಕುತ್ತಿಗೆ ನೋವಿನಿಂದ ಆ ಶನಿವಾರಗಳು ತಪ್ಪೋಕೆ ಶುರುವಾದಾಗ ನಾನು ಲೆಕ್ಕ ಹಾಕೋಕೆ ಕೂತೆ.

ಮೊದಲ ಲೆಕ್ಕ ಕೋನದ್ದು. ಸ್ಕ್ರೀನ್ ಎಷ್ಟು ಇಂಚು ಅನ್ನೋದಕ್ಕಿಂತ, ಕಣ್ಣಿಗೆ ಎಷ್ಟು ಅಗಲ ಕಾಣುತ್ತೆ ಅನ್ನೋದು ಮುಖ್ಯ. 55 ಇಂಚಿನ ಟಿವಿ ಸುಮಾರು 122 ಸೆಂ.ಮೀ. ಅಗಲ, 68 ಸೆಂ.ಮೀ. ಎತ್ತರ. 27 ಇಂಚಿನ ಮಾನಿಟರ್ 60 ಸೆಂ.ಮೀ. ಅಗಲ. ಮಾನಿಟರ್ ಎದುರು 60 ಸೆಂ.ಮೀ. ದೂರದಲ್ಲಿ, ಅಂದ್ರೆ ಎರಡಡಿಯಲ್ಲಿ ಕೂತರೆ ಅದು ನಿಮ್ಮ ನೋಟದಲ್ಲಿ ಸುಮಾರು 53 ಡಿಗ್ರಿ ತುಂಬುತ್ತೆ. ಅದೇ 53 ಡಿಗ್ರಿ ಟಿವಿಯಿಂದ ಸಿಗಬೇಕಾದ್ರೆ ನಾಲ್ಕು ಅಡಿ ದೂರ ಕೂರಬೇಕು. ಎಂಟಡಿ ದೂರದ ಸೋಫಾದಲ್ಲಿ ಕೂತರೆ ಆ ದೊಡ್ಡ ಟಿವಿ 28 ಡಿಗ್ರಿಗೆ ಇಳಿಯುತ್ತೆ. ಅಂದ್ರೆ ಟೇಬಲ್ ಮೇಲಿನ ಸಣ್ಣ ಮಾನಿಟರ್ ಹಾಲ್‌ನ ದೊಡ್ಡ ಟಿವಿಗಿಂತ ದೊಡ್ಡದು! ನಾನು ಇಟ್ಟಿದ್ದ ಎರಡೂವರೆ ಅಡಿಯಲ್ಲಿ ಟಿವಿ ಸುಮಾರು 77 ಡಿಗ್ರಿ ಆವರಿಸಿತ್ತು. ಟೇಬಲ್ ಮತ್ತು ಸ್ಟ್ಯಾಂಡ್ ಸೇರಿ ಅದರ ಮೇಲಂಚು ನೆಲದಿಂದ ಐದಡಿ. ಕುರ್ಚಿಯಲ್ಲಿ ಕೂತಾಗ ನನ್ನ ಕಣ್ಣಿರೋದು ನಾಲ್ಕಡಿಗಿಂತ ಕೆಳಗೆ. ಮೂಲೆಯ ಮ್ಯಾಪ್ ನೋಡೋಕೆ ಪ್ರತಿ ಸಲ ತಲೆ ಎತ್ತಿ ತಿರುಗಿಸಬೇಕು. ಕುತ್ತಿಗೆ ಇನ್ನೇನು ಮಾಡೀತು?

ಎರಡನೇದು ಪಿಕ್ಸೆಲ್ ಸಾಂದ್ರತೆ. 55 ಇಂಚಿನ 4ಕೆ ಟಿವಿಯಲ್ಲಿ ಇಂಚಿಗೆ 80 ಪಿಕ್ಸೆಲ್. 27 ಇಂಚಿನ 1440ಪಿ ಮಾನಿಟರ್‌ನಲ್ಲಿ 109. ಹತ್ತಿರ ಕೂತಾಗ ಟಿವಿಯಲ್ಲಿ ಅಕ್ಷರಗಳ ಅಂಚು ಹರಿದಂತೆ ಕಾಣೋದು ಇದಕ್ಕೇ. ಆಟದಲ್ಲಿ ಸಹಿಸಬಹುದು. ಬೆಳಗ್ಗೆ ಅದೇ ಪರದೆ ಮೇಲೆ ಕೋಡ್ ಓದೋರಿಗೆ ಆಗಲ್ಲ.

ಇನ್ನು ವಿಳಂಬ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಟಿವಿ ತನಗೆ ಬಂದ ಚಿತ್ರವನ್ನ ಹಾಗೇ ತೋರಿಸಲ್ಲ. ಬಣ್ಣ ತಿದ್ದಿ, ಅಂಚು ಚೂಪು ಮಾಡಿ, ನಡುವೆ ಫ್ರೇಮ್ ಸೇರಿಸಿ ಆಮೇಲೆ ತೋರಿಸುತ್ತೆ. ಸಿನಿಮಾಕ್ಕೆ ತೊಂದರೆ ಇಲ್ಲ. ಆಟದಲ್ಲಿ ಮಾತ್ರ ನೀವು ಮೌಸ್ ಒತ್ತಿದ್ದಕ್ಕೂ ಪರದೆಯಲ್ಲಿ ಗುಂಡು ಹಾರಿದ್ದಕ್ಕೂ ನಡುವೆ 50ರಿಂದ 100 ಮಿಲಿಸೆಕೆಂಡ್ ಕೂಡ ಆಗಬಹುದು. ಪುಣೆಯವರ ಅದೃಷ್ಟ ನೋಡಿ, ಗೇಮ್ ಸರ್ವರ್ ಮುಂಬೈಯಲ್ಲೇ ಇದೆ. ನಮ್ಮ ಮನೆಯಿಂದ ಹತ್ತಿಪ್ಪತ್ತು ಮಿಲಿಸೆಕೆಂಡ್‌ನಲ್ಲಿ ಹೋಗಿ ಬರುತ್ತೆ. ಘಾಟ್ ಇಳಿದು ಹತ್ತಿ ಬಂದ ಸಿಗ್ನಲ್‌ಗಿಂತ ಕಣ್ಣ ಮುಂದಿನ ಟಿವಿಯೇ ಹೆಚ್ಚು ತಡ ಮಾಡ್ತಿತ್ತು! ತಮ್ಮ "ಅಣ್ಣಾ, ನಿಂದು ನೆಟ್ ಸರಿ ಇಲ್ಲ" ಅಂತಿದ್ದ. ನಾನು ಇಂಟರ್ನೆಟ್‌ನವನಿಗೆ ಫೋನ್ ಮಾಡಿ ಜಗಳ ಆಡಿದ್ದೂ ಆಯ್ತು, ಪಾಪ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿದ್ರೆ ಈ ತಿದ್ದುಪಡಿಗಳಲ್ಲಿ ಹೆಚ್ಚಿನವು ನಿಲ್ಲುತ್ತವೆ. ಟಿವಿಯಲ್ಲಿ ಆಡೋರು ಇವತ್ತೇ ಮಾಡಿ.

ಪೋರ್ಟ್ ಕೂಡ ನೋಡ್ಕೊಳ್ಳಿ. ಎಚ್‌ಡಿಎಂಐ 2.0ದಲ್ಲಿ 4ಕೆ ಚಿತ್ರ ಪೂರ್ಣ ಬಣ್ಣದಲ್ಲಿ ಹರಿಯೋದು 60 ಹರ್ಟ್ಸ್‌ವರೆಗೆ ಮಾತ್ರ. 120 ಬೇಕಂದ್ರೆ 2.1 ಬೇಕು. ಹಲವು ಟಿವಿಗಳಲ್ಲಿ ನಾಲ್ಕು ಪೋರ್ಟ್ ಇದ್ದರೂ ಒಂದೆರಡು ಮಾತ್ರ ಆ ಜಾತಿಯವು.

ಹಾಗಾದ್ರೆ ಮೂರು ಮಾನಿಟರ್? ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ. ಮೂರು 27 ಇಂಚಿನ ಪರದೆ ಸಾಲಾಗಿಟ್ಟರೆ 180 ಸೆಂ.ಮೀ. ಬೇಕು. ಪಕ್ಕದವನ್ನ ಒಳಗೆ ತಿರುಗಿಸಿದರೂ ನಮ್ಮ ನಾಲ್ಕಡಿ ಟೇಬಲ್ ಸಾಲಲ್ಲ. ಮೂರು 1440ಪಿ ಪರದೆ ಅಂದ್ರೆ ಒಟ್ಟು 1.1 ಕೋಟಿ ಪಿಕ್ಸೆಲ್, ಒಂದು 4ಕೆ ಟಿವಿಯ 83 ಲಕ್ಷಕ್ಕಿಂತ ಮೂರನೇ ಒಂದು ಭಾಗ ಜಾಸ್ತಿ. ಆ ಭಾರವೆಲ್ಲ ಗ್ರಾಫಿಕ್ಸ್ ಕಾರ್ಡ್ ಮೇಲೆ, ಅಂದ್ರೆ ಮತ್ತೆ ನಿಮ್ಮ ಜೇಬಿನ ಮೇಲೆ. ಎಎಂಡಿಯ ಐಫಿನಿಟಿ 2009ರಲ್ಲೇ ಬಂತು, ಎನ್ವಿಡಿಯಾದ ಸರೌಂಡ್ ಅದರ ಹಿಂದೆಯೇ. ಆದರೂ ಬಹಳಷ್ಟು ಆಟಗಳಲ್ಲಿ ಪಕ್ಕದ ಎರಡು ಪರದೆಯ ಚಿತ್ರ ಎಳೆದ ರಬ್ಬರ್‌ನಂತೆ ಕಾಣುತ್ತೆ. ಅಸೆಟೊ ಕೊರ್ಸಾ, ಐರೇಸಿಂಗ್‌ನಂಥ ಕಾರ್ ರೇಸ್ ಸಿಮ್ಯುಲೇಟರ್‌ಗಳು ಪ್ರತಿ ಪರದೆಯ ಕೋನ ಲೆಕ್ಕ ಹಾಕಿ ಬಿಡಿಸುತ್ತವೆ. ಅಲ್ಲಿ ಮೂರು ಪರದೆಗೆ ನಿಜವಾದ ಬೆಲೆ ಇದೆ, ಪಕ್ಕದ ಕಾರು ಕಿಟಕಿಯಲ್ಲಿ ಕಂಡ ಹಾಗೆ ಕಾಣುತ್ತೆ. ಸ್ಟೀರಿಂಗ್ ವೀಲ್ ತಗೊಂಡಿರೋರು ಧೈರ್ಯವಾಗಿ ಮೂರಕ್ಕೆ ಹೋಗಿ. ಉಳಿದವರಿಗೆ ನಾನು ಹೇಳಲ್ಲ.

ಎರಡು ಮಾನಿಟರ್‌ಗೆ ಆಟ ಹರಡೋ ಯೋಚನೆಯೇ ಬೇಡ. ಗುರಿ ಇಡೋ ಚುಕ್ಕೆ ಸರಿಯಾಗಿ ಎರಡರ ನಡುವಿನ ಕಪ್ಪು ಅಂಚಿಗೆ ಬೀಳುತ್ತೆ. ಎರಡನೇದು ಇರಬೇಕಾದ್ದು ಬೇರೆ ಕೆಲಸಕ್ಕೆ: ಚಾಟ್, ಕ್ರಿಕೆಟ್ ಸ್ಕೋರ್, ಸೋಮವಾರ ಆಫೀಸಿನ ಟೀಮ್ಸ್. ಒಂದು ಎಚ್ಚರಿಕೆ: ಆಫೀಸಿನ ಲ್ಯಾಪ್‌ಟಾಪ್ ಎಂ1 ಅಥವಾ ಎಂ2 ಮ್ಯಾಕ್‌ಬುಕ್ ಏರ್ ಆಗಿದ್ರೆ ಅದು ಹೊರಗಿನ ಒಂದೇ ಮಾನಿಟರ್‌ಗೆ ನೇರ ಸಂಪರ್ಕ ಕೊಡೋದು. ನನ್ನ ಟೀಮಿನ ಒಬ್ಬರು ಎರಡು ತಂದು ಒಂದನ್ನ ವಾಪಸ್ ಕೊಟ್ಟರು.

ಪಿಎಸ್5 ಇದ್ದರೆ ಮಾತು ಬೇರೆ. ಅದಕ್ಕಿರೋದು ಒಂದೇ ಎಚ್‌ಡಿಎಂಐ, ಆಡೋದು ಸೋಫಾದಲ್ಲಿ ಕೂತು, ಪಕ್ಕದಲ್ಲಿ ಇನ್ನೊಬ್ಬರು ಇರ್ತಾರೆ. ಅದಕ್ಕೆ ಟಿವಿಯೇ ಸರಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ ಅನ್ನೋದೂ ನೆನಪಿರಲಿ. ಆದರೆ ಹಾಲ್ ಯಾರದ್ದು ಅಂತ ಮೊದಲು ಕೇಳ್ಕೊಳ್ಳಿ. ಅಪ್ಪ-ಅವ್ವ ಬಂದಾಗ ನಮ್ಮ ಹಾಲ್ ಸಂಜೆ ಏಳರಿಂದ ಹತ್ತರವರೆಗೆ ಧಾರಾವಾಹಿಗಳದ್ದು. ಮರಾಠಿ ಊರಲ್ಲಿ ಅವರಿಗೆ ಕನ್ನಡ ಕೇಳಿಸೋ ಹೊತ್ತು ಅದು. ಅಲ್ಲಿ ಹೋಗಿ ರಿಮೋಟ್ ಕೇಳೋ ಮುಖ ನನಗಿಲ್ಲ.

ನಾನು ಕೊನೆಗೆ ಮಾಡಿದ್ದು ಇಷ್ಟು. ಟಿವಿ ಹಾಲ್‌ಗೆ ಹೋಯ್ತು. ರೂಮಿಗೆ 27 ಇಂಚಿನ 1440ಪಿ, 165 ಹರ್ಟ್ಸ್‌ನ ಒಂದು ಮಾನಿಟರ್ ಬಂತು. ಅದರ ಪಕ್ಕ ಹಳೇ 24 ಇಂಚಿನದ್ದನ್ನ ಉದ್ದಕ್ಕೆ ನಿಲ್ಲಿಸಿದೆ. ಮಾಲೀಕರು ಗೋಡೆಗೆ ಡ್ರಿಲ್ ಹೊಡೆಯೋಕೆ ಬಿಡಲ್ಲ, 11 ತಿಂಗಳ ಅಗ್ರಿಮೆಂಟ್ ಮುಗಿದರೆ ಮತ್ತೆ ಶಿಫ್ಟಿಂಗ್. ಮಾನಿಟರ್ ಆದರೆ ಬೆಡ್‌ಶೀಟ್ ಸುತ್ತಿ ಕಾರಿನ ಹಿಂದಿನ ಸೀಟಲ್ಲಿ ಮಲಗಿಸಬಹುದು.

ಕೊಳ್ಳೋ ಮುಂಚೆ ಒಂದು ಕೆಲಸ ಮಾಡಿ. ಹಳೇ ಪೇಪರ್‌ಗಳನ್ನ ಜೋಡಿಸಿ 122ಕ್ಕೆ 68 ಸೆಂ.ಮೀ. ಅಳತೆಗೆ ಕತ್ತರಿಸಿ, ಟಿವಿ ಬರೋ ಜಾಗದಲ್ಲಿ ಗೋಡೆಗೆ ಅಂಟಿಸಿ, ಆಡೋ ಕುರ್ಚಿಯಲ್ಲಿ ಹತ್ತು ನಿಮಿಷ ಕೂತು ನಾಲ್ಕೂ ಮೂಲೆ ನೋಡಿ. ಕುತ್ತಿಗೆ ಎಷ್ಟು ತಿರುಗುತ್ತೆ ಅಂತ ಗೊತ್ತಾಗುತ್ತೆ. ನಾನು ಇದನ್ನ ಟಿವಿ ತಂದ ಮೇಲೆ ಮಾಡಿದೆ. ಅವ್ವ ಆ ಪೇಪರ್ ಕಿತ್ತು ಅಡುಗೆಮನೆಯ ಶೆಲ್ಫಿಗೆ ಹಾಸಿದ್ರು, ಇನ್ನೂ ಅಲ್ಲೇ ಇದೆ.