ಟಿಕ್ ಟಿಕ್ ಎನ್ನದ ಗೀಸರ್

"ಅಜ್ಜಾ, ಬಿಸಿನೀರೇ ಬರ್ತಿಲ್ಲ!" ಬಚ್ಚಲುಮನೆ ಬಾಗಿಲಲ್ಲಿ ನಿಂತು ಮೊಮ್ಮಗಳು ಕೂಗಿದಳು. ಹೋಗಿ ನಲ್ಲಿ ತಿರುಗಿಸಿದೆ. ನೀರು ಜೋರಾಗಿಯೇ ಬಂತು. ಗ್ಯಾಸ್ ಗೀಸರ್‌ನ ಟಿಕ್ ಟಿಕ್ ಸದ್ದು ಮಾತ್ರ ಇಲ್ಲ.

"ಅದು ಕಿಡಿ ಹಾರೋ ಸದ್ದು, ಪುಟ್ಟಿ. ನೀರಿನ ಒತ್ತಡ ಒಳಗಿನ ಸ್ವಿಚ್ ಒತ್ತುತ್ತೆ, ಸೆಲ್ಲು ಕಿಡಿ ಹಾರಿಸುತ್ತೆ, ಗ್ಯಾಸ್ ಹೊತ್ತಿಕೊಳ್ಳುತ್ತೆ." ಕೆಳಗಿನ ಡಬ್ಬಿ ತೆಗೆದರೆ 1.5 ವೋಲ್ಟಿನ ಎರಡೂ ಸೆಲ್ಲು ಸೋರಿ ಪುಡಿ ಕಟ್ಟಿದ್ದವು. ಒರೆಸಿ ಹೊಸತು ಹಾಕಿದೆ. ಟಿಕ್ ಟಿಕ್, ಭಗ್!

ಅವಳು ಗೀಸರ್ ಕಿಂಡಿಯಲ್ಲಿ ಇಣುಕಿದಳು. "ಬೆಂಕಿ ಹಳದಿ ಯಾಕೆ? ಒಲೇದು ನೀಲಿ ಅಲ್ವಾ?"

ಎದೆ ಧಸಕ್ಕೆಂದಿತು. ತಕ್ಷಣ ಆರಿಸಿ, ಅವಳನ್ನು ಹೊರಗೆ ಕರೆತಂದೆ. ಗ್ಯಾಸ್ ಗಾಳಿ ಸಾಲದೆ ಉರಿದರೆ ಜ್ವಾಲೆ ಹಳದಿಯಾಗುತ್ತದೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವರ ಪ್ರಾಣವೇ ಹೋಗಬಹುದು. ಚಳಿಯೆಂದು ಬಚ್ಚಲ ಗವಾಕ್ಷಿಗೆ ರಟ್ಟು ಮುಚ್ಚಿದ್ದವನು ನಾನೇ!

ರಟ್ಟು ಕಿತ್ತೆ. ಮರುದಿನ ಮೆಕ್ಯಾನಿಕ್ ಬಂದು ಬರ್ನರ್ ಶುಚಿ ಮಾಡಿ, ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಕೂರಿಸಿದ. ಅಲ್ಲಿಯವರೆಗೆ ಒಲೆಯ ಮೇಲೆ ಕಾಯಿಸಿದ ನೀರೇ ಗತಿ.

ಈಗ ದಿನವೂ ಅವಳದೇ ತಪಾಸಣೆ. ಸ್ನಾನಕ್ಕೆ ಮೊದಲು ಕಿಂಡಿ ನೋಡಿ ಕೂಗುತ್ತಾಳೆ: "ನೀಲಿ, ಅಜ್ಜಾ!"