ಕಸಬಿನ ಶಿಕ್ಷಣಶಾಲೆಗಳಲ್ಲಿ ಹೊರಪ್ರಾಂತದ ವಿದ್ಯಾರ್ಥಿಗಳ ಪ್ರವೇಶ

ನಾಲ್ಕು ಎಕರೆ ಭೂಮಿಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡರೆ ಒಬ್ಬನ ಪಾಲು ಅವನ ಸಂಸಾರಕ್ಕೆ ಸಾಲದೆಂಬುದನ್ನು ರೈತರೆಲ್ಲರೂ ಬಲ್ಲರು. ಆದ್ದರಿಂದ ಮಕ್ಕಳಲ್ಲಿ ಒಬ್ಬನಾದರೂ ಕೈಕಸಬನ್ನು ಕಲಿಯುವುದು ಮೇಲು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಬೆಸುಗೆ ಹಾಗೂ ಡೀಸೆಲ್ ಯಂತ್ರದ ಕೆಲಸಗಳನ್ನು 1 ವರ್ಷದಲ್ಲಿಯೂ, ಫಿಟ್ಟರ್ ಮತ್ತು ಎಲೆಕ್ಟ್ರೀಷಿಯನ್ ಕೆಲಸಗಳನ್ನು 2 ವರ್ಷಗಳಲ್ಲಿಯೂ ಕಲಿಸುವರು. ಆದರೆ ಪ್ರವೇಶವು ಅಂಕಗಳನ್ನು ಮಾತ್ರವಲ್ಲದೆ, ಹುಡುಗನು ಯಾವ ಪ್ರಾಂತದವನೆಂಬುದನ್ನೂ ಅವಲಂಬಿಸಿರುವುದು.

ಹಿಂದೆ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಸೀಮೆಯಲ್ಲಿ ಶಾಲೆಗಳು ವಿರಳವಾಗಿದ್ದುವು. ಆ ಸೀಮೆಯೂ ಬಳ್ಳಾರಿಯೂ ಕೂಡಿದ ಪ್ರಾಂತದ ಕೊರತೆಯನ್ನು ನೀಗಲು 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿಯನ್ನು ಸೇರಿಸಲಾಯಿತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳು ಈ ಪ್ರಾಂತಕ್ಕೆ ಸೇರಿವೆ. 2013ರ ಆಜ್ಞೆಯಂತೆ ಇಲ್ಲಿನ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70 ಸ್ಥಳಗಳು ಜನ್ಮದಿಂದಾಗಲಿ ವಾಸದಿಂದಾಗಲಿ ಸ್ಥಳೀಯರಾದವರಿಗೆ ಮೀಸಲು. ರಾಜ್ಯಮಟ್ಟದ ಇತರ ಸಂಸ್ಥೆಗಳಲ್ಲಿಯೂ ಇವರಿಗೆ ನೂರಕ್ಕೆ 8 ಸ್ಥಳಗಳುಂಟು.

ಹೀಗೆಂದು ಹೊರಗಣ ವಿದ್ಯಾರ್ಥಿಗೆ ಬಾಗಿಲು ಮುಚ್ಚಿತೆಂದು ತಿಳಿಯಬಾರದು. ಚಿತ್ರದುರ್ಗದ ಹುಡುಗನು ಬಳ್ಳಾರಿಯಲ್ಲಿ ಅರ್ಜಿ ಹಾಕಬಹುದು. ಆದರೆ ಮೀಸಲಲ್ಲದ 30 ಸ್ಥಳಗಳಲ್ಲಿ ಮಾತ್ರ ಅವನು ಸ್ಪರ್ಧಿಸಬೇಕು. ಅಂಥವನು ತನ್ನ ಜಿಲ್ಲೆಯ ಸಂಸ್ಥೆಗಳಲ್ಲಿಯೂ ಅರ್ಜಿ ಹಾಕಿಡುವುದು ವಿವೇಕ.

ಗಡಿಯ ಗ್ರಾಮಗಳವರು ವಿಶೇಷ ಎಚ್ಚರದಿಂದಿರಬೇಕು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. ಆದುದರಿಂದ ಮೊದಲಲ್ಲಿ ಈ ಸೌಲಭ್ಯವು ಅದಕ್ಕೆ ದೊರೆಯಲಿಲ್ಲ. 2018ರಲ್ಲಿ ಬಳ್ಳಾರಿಗೆ ಮರಳಿ ಸೇರಿದ ಈ ತಾಲ್ಲೂಕು 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಊರು ಕದಲದಿದ್ದರೂ ಮಕ್ಕಳ ಹಕ್ಕು ಬದಲಾಯಿತು.

ಹಕ್ಕಿದ್ದರೂ ಆಧಾರಪತ್ರವಿಲ್ಲದೆ ಸ್ಥಳವು ದೊರೆಯದು. ಸ್ಥಳೀಯನೆಂಬ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗದ ಅಸಿಸ್ಟೆಂಟ್ ಕಮಿಷನರವರು ಕೊಡುವರು. ಜನನದ ದಾಖಲೆ, ಶಾಲೆಯ ದಾಖಲೆ, ವಾಸದ ಆಧಾರ ಇವುಗಳಲ್ಲಿ ಹೆಸರು, ತಂದೆಯ ಹೆಸರು, ಊರು ಒಂದೇ ರೀತಿಯಲ್ಲಿರುವಂತೆ ಮೊದಲೇ ನೋಡಿಕೊಳ್ಳತಕ್ಕದ್ದು. ವ್ಯತ್ಯಾಸವಿದ್ದರೆ ತಿದ್ದಿಸಲು ಕಾಲ ಹಿಡಿಯುವುದು; ಪ್ರವೇಶದ ಗಡುವು ಅದಕ್ಕಾಗಿ ಕಾಯದು.

ರಾಶಿ ಮಾಡುವ ದಿನ ಕಣ ಕೆತ್ತಲು ಹೊರಟವನು ಮಳೆಗೆ ಧಾನ್ಯವನ್ನು ಒಪ್ಪಿಸಬೇಕಾದೀತು. ಹತ್ತನೆಯ ತರಗತಿಯ ಪರೀಕ್ಷೆಗೆ ಮುಂಚೆಯೇ ಗ್ರಾಮದ ಮುಖಂಡರು ಅಂಥ ಮಕ್ಕಳ ಪಟ್ಟಿಯನ್ನು ಮಾಡಿ, ಓದುಬಾರದ ತಂದೆತಾಯಿಗಳಿಗೆ ಅರ್ಜಿಯಲ್ಲಿ ನೆರವಾದರೆ, ಊರಿಗೆ ಅದಕ್ಕಿಂತ ಹೆಚ್ಚಿನ ಉಪಕಾರವು ಬೇರೊಂದಿಲ್ಲ.